ಪಾಲಪ್ಪ ತಿರುವಿದ ಸೈರನ್

ಗಂಗಿನಕೇರಿಯ ಮೂವತ್ತೆರಡು ಮನೆಗಳಿಗೆ ಬಾಯಿಪಾಠವಾಗಿದ್ದ ಕಾನೂನು ಒಂದೇ. ಸೈರನ್ ಕೂಗಿದರೆ ಗುಡ್ಡ ಹತ್ತಬೇಕು. ತಟ್ಟೆಯಲ್ಲಿ ರೊಟ್ಟಿ ಇದ್ದರೆ ರೊಟ್ಟಿ ಬಿಡಬೇಕು, ಗಂಡ ಹೆಂಡಿರ ಜಗಳ ನಡೆದಿದ್ದರೆ ಉಳಿದ ಜಗಳವನ್ನು ಗುಡ್ಡದ ಮೇಲೆ ಆಡಬೇಕು. ಕಡ್ಡಿರಾಂಪುರದಿಂದ ಹೊಳೆಯ ಕಡೆಗೆ ಎರಡು ಮೈಲಿ ಇಳಿದರೆ ಸಿಗುವ ಕೇರಿ ಅದು. ಕಾಲುವೆಯ ನೀರು ಅಲ್ಲಿನ ಗುಡಿಸಲುಗಳನ್ನು ಆರ್‌ಸಿಸಿ ಮನೆ ಮಾಡಿತ್ತು, ಸೈಕಲ್ಲುಗಳನ್ನು ಮೊಪೆಡ್ ಮಾಡಿತ್ತು. ಆದರೆ ಮೇಲೆ ಡ್ಯಾಮಿನ ಗೇಟು ಎತ್ತಿದರೆ ಎರಡು ತಾಸಿನಲ್ಲಿ ಅದೇ ನೀರು ಅಂಗಳಕ್ಕೆ ಬರುತ್ತಿತ್ತು. ಬಂದಾಗ ಮೊದಲು ಮುಳುಗುತ್ತಿದ್ದದ್ದು ಕಡ್ಡಿರಾಂಪುರದ ದಾರಿಯ ಹಳ್ಳ. ಆಮೇಲೆ ಉಳಿಯುತ್ತಿದ್ದದ್ದು ಕೇರಿಯ ಬೆನ್ನಿಗಿದ್ದ ಗಾಳೆಮ್ಮನ ಗುಡ್ಡ ಮಾತ್ರ.

ಆ ಸೈರನ್ ತಿರುವುವವನು ಪಾಲಪ್ಪ. ನೀರಾವರಿಯ ಲಸ್ಕರ್, ರಿಟೈರಾಗಲು ಇನ್ನೆರಡು ವರ್ಷ. ಕಾಲುವೆಯ ತೂಬು ಎತ್ತುವುದು, ಇಳಿಸುವುದು, ಡ್ಯಾಮಿನಿಂದ ಫೋನು ಬಂದರೆ ದಂಡೆಯ ಚೌಕಿಯಲ್ಲಿ ಸೈರನ್ ಕೂಗಿಸುವುದು, ಇದು ಅವನ ಕೆಲಸ. ಗುಂಡಿ ಒತ್ತಿದರೆ ಕೂಗುವಂಥದ್ದಲ್ಲ ಅದು. ಸಂಡೂರಿನ ಗಣಿಯಲ್ಲಿ ಬಂಡೆಗೆ ಮದ್ದು ಇಡುವ ಮುಂಚೆ ಕೂಗಿಸುತ್ತಿದ್ದ ಹಳೆಯ ಯಂತ್ರ. ಹಿಡಿಕೆ ಹಿಡಿದು ಎರಡೂ ಕೈಯಿಂದ ತಿರುವಬೇಕು. ತಿರುವಿದಷ್ಟೂ ಸದ್ದು ಏರುತ್ತದೆ, ತೋಳು ಸೋತರೆ ಇಳಿಯುತ್ತದೆ, ಉಸಿರು ತೆಗೆದುಕೊಂಡು ಮತ್ತೆ ತಿರುವಿದರೆ ಮತ್ತೆ ಏರುತ್ತದೆ. ಮೂವತ್ತು ವರ್ಷ ಅವನು ಹೀಗೇ ತಿರುವಿದ್ದ. ಆ ಏರಿಳಿತ ಕೇಳಿದರೆ ಕೇರಿಯ ಕುರಿಗಳೂ ಗುಡ್ಡದ ಕಡೆ ಮುಖ ಮಾಡುತ್ತಿದ್ದವು ಎಂದು ಅವನು ಹೇಳಿಕೊಳ್ಳುತ್ತಿದ್ದ. ಹೇಳಿಕೊಳ್ಳಲಿ, ಅಷ್ಟು ಜಂಬ ಪಡುವ ಹಕ್ಕು ಅವನಿಗಿತ್ತು. ಅವನ ಕಾಲದಲ್ಲಿ ಹೊಳೆ ಒಂದು ಜೀವವನ್ನೂ ತೆಗೆದುಕೊಂಡಿರಲಿಲ್ಲ.

ಕಾರ್ಗಿಲ್ಲಿನ ವರ್ಷ ಗುಡ್ಡಕ್ಕೆ ಮಿಲಿಟರಿಯವರು ಬಂದರು.

ಏಳು ಹಸಿರು ಲಾರಿ. ಒಂದರ ಮೇಲೆ ದೊಡ್ಡ ಮೊರದಂಥದ್ದು, ಸದಾ ಸುತ್ತುತ್ತಿತ್ತು. ಎರಡರ ಮೇಲೆ ತಾಡಪಾಲು ಹೊದಿಸಿದ ಉದ್ದನೆಯ ಸಾಮಾನು. ಎರಡೇ ದಿನದಲ್ಲಿ ಗುಡ್ಡದ ಬುಡದ ಸುತ್ತ ಮುಳ್ಳುತಂತಿ ಎದ್ದು, ಕೇರಿಯವರು ಹತ್ತುತ್ತಿದ್ದ ಕಾಲುದಾರಿಗೆ ಕಬ್ಬಿಣದ ಗೇಟು ಬಿತ್ತು. ಗೇಟಿನ ಮೇಲೆ ಹಿಂದಿ, ಇಂಗ್ಲಿಷಿನಲ್ಲಿ ಕೆಂಪಕ್ಷರ. ಓದಲು ಬಾರದಿದ್ದರೂ ಪಕ್ಕದಲ್ಲಿ ಬಂದೂಕು ಹಿಡಿದು ನಿಂತವನನ್ನು ನೋಡಿ ಎಲ್ಲರಿಗೂ ಅರ್ಥವಾಯಿತು.

ಅದು ಏನು, ಯಾಕೆ ಎಂದು ಬಿಡಿಸಿ ಹೇಳಿದವರು ನಾಗೇಂದ್ರಪ್ಪ ಮಾಸ್ತರು. ಕಡ್ಡಿರಾಂಪುರದವರು, ಹಿಂದಿ ಕಲಿಸಿ ರಿಟೈರಾದವರು, ಮೂರು ಪೇಪರು ಓದುವವರು. ಅವರು ಚಹದಂಗಡಿಯ ಬೆಂಚಿನ ಮೇಲೆ ಕೂತರೆ ಅಲ್ಲಿ ದಿಲ್ಲಿಯೂ ಇಸ್ಲಾಮಾಬಾದೂ ಅಕ್ಕಪಕ್ಕದ ಓಣಿಗಳಾಗುತ್ತಿದ್ದವು.

"ಹೋದ ವರ್ಷ ನಾವೂ ಬಾಂಬ್ ಸಿಡಿಸಿದ್ವಿ, ಅವ್ರೂ ಸಿಡಿಸಿದ್ರು. ಈಗ ಇಬ್ಬರ ಕೈಯಾಗೂ ಅಣುಬಾಂಬ್ ಐತಿ, ನೆಪ್ಪಿರ್ಲಿ. ಅದನ್ನ ಹೊತ್ತು ತರಾಕ ವಿಮಾನ ಬೇಕು, ಇಲ್ಲ ರಾಕೆಟ್ ಬೇಕು. ನಮ್ಮ ಡ್ಯಾಮ್ ಮ್ಯಾಲೆ ಯಾವ್ದರ ವಿಮಾನ ಬಂದ್ರ ಆಕಾಶದಾಗ ಹೊಡಿಯಾಕ ಈ ಮಿಸೈಲ್ ತಂದಾರ. ಇದು ಯಾರನ್ನೂ ಕೊಲ್ಲಾಕಲ್ಲ, ಪಾಲಪ್ಪ. ತಡಿಯಾಕ."

"ತಡಿಯಾಕ ಅಂತ ಅವ್ರಿಗೆ ಹೆಂಗ ಗೊತ್ತಾಗ್ತೈತ್ರಿ, ಮಾಸ್ತರ?"

ಮಾಸ್ತರು ಇನ್ನೊಂದು ಚಹ ಹೇಳಿದರು. ಪಾಲಪ್ಪ ಕೇಳಿದ್ದು ಕುತೂಹಲಕ್ಕಲ್ಲ. ಹಿಂದೆ ಕಂಪ್ಲಿ ಕಡೆ ಡ್ಯೂಟಿಯಲ್ಲಿದ್ದಾಗ ಮೇಲಿನ ಹೊಲದವನೊಬ್ಬ ತನ್ನ ತೂಬಿಗೆ ನಾಲ್ಕು ಜನ ಕಾವಲಿಟ್ಟಿದ್ದ. ಕೆಳಗಿನವರು ನೀರು ಕದಿಯಬಾರದು ಎಂದಷ್ಟೇ ಅವನ ಆಸೆ. ಕೆಳಗಿನವರು ಆ ಕಾವಲು ಕಂಡು, ಇವನು ನಮ್ಮ ನೀರು ಪೂರ್ತಿ ಕಟ್ಟುತ್ತಾನೆ, ಅದಕ್ಕೇ ಜನ ಇಟ್ಟಿದ್ದಾನೆ ಎಂದುಕೊಂಡರು. ಅವರು ಕುಡಗೋಲು ತಂದರು, ಮೇಲಿನವನು ಕೊಡಲಿ ತರಿಸಿದ. ಕೊನೆಗೆ ಎರಡು ತಲೆ ಒಡೆದವು, ಬೆಳೆ ಇಬ್ಬರದೂ ಒಣಗಿತು. ಕಾವಲಿಟ್ಟವನು ಅಂಜಿ ಇಟ್ಟಿದ್ದ, ಕಂಡವರು ಅಂಜಿ ಬಂದಿದ್ದರು. ಇದನ್ನು ಕಣ್ಣಾರೆ ಕಂಡ ಪಾಲಪ್ಪ ಗುಡ್ಡದ ಮೇಲಿನ ಮೊರ ನೋಡಿದಾಗಲೆಲ್ಲ ಆ ಕಾವಲನ್ನು ನೆನೆಯುತ್ತಿದ್ದ.

ಒಂದು ದಿನ ಗುಡ್ಡದ ಕ್ಯಾಪ್ಟನ್ ಸಾಹೇಬ ಶಾಲೆಯ ಅಂಗಳದಲ್ಲಿ ಸಭೆ ಕರೆದ. ಎಳೆಯ ವಯಸ್ಸಿನ, ನಗುಮುಖದ ಮನುಷ್ಯ. ಅವನು ಹಿಂದಿಯಲ್ಲಿ ಹೇಳಿದ್ದನ್ನು ಮಾಸ್ತರು ಕನ್ನಡಕ್ಕೆ ತಂದರು.

"ಸೈರನ್ ಏರಿ ಇಳಿದು, ಏರಿ ಇಳಿದು ಕೂಗಿದ್ರ ವಿಮಾನ ಬಂತು ಅಂತ ತಿಳೀರಿ. ಮನಿ ಹಿಂದ ಎದಿ ಮಟ ತಗ್ಗು ತೋಡ್ಕೊಂಡಿರ್ರಿ, ಅದ್ರಾಗ ಇಳೀರಿ. ಆಮ್ಯಾಲೆ ಒಂದೇ ಸಮ ಉದ್ದಕ ಸೈರನ್ ಆಗೋತನ ಹೊರಗ ತಲಿ ಹಾಕಬ್ಯಾಡ್ರಿ. ಗುಡ್ಡದ ಸನೇಕ ಅಂತೂ ಬರಲೇಬ್ಯಾಡ್ರಿ. ಅವ್ರು ಮೊದ್ಲು ಹೊಡಿಯಾದು ಈ ಗುಡ್ಡನ."

ಹೆಂಗಸರ ಸಾಲಿನಿಂದ ಪಾಲಪ್ಪನ ಹೆಂಡತಿ ಹುಲುಗಮ್ಮ ಎದ್ದಳು. ಹಾವಿಗೆ ಅಂಜದವಳು, ದೆವ್ವಕ್ಕೆ ಅಂಜದವಳು, ಕ್ಯಾಪ್ಟನ್ನಿಗೆ ಅಂಜುತ್ತಾಳೆಯೇ? "ನೀವು ಬರಾಕಿಂತ ಮೊದ್ಲು ನಮ್ಮ ಗುಡ್ಡ ಹೊಡಿಯಾವ್ರು ಯಾರಿದ್ರು? ಮತ್ತ ಡ್ಯಾಮ್ ಒಡದ್ರ ಬರಾದು ನೀರು. ನೀರು ಬಂದ್ರ ತಗ್ಗಿನಾಗ ಯಾರರ ಕುಂದ್ರತಾರೇನ್ರಿ?"

ಈ ಮಾತನ್ನು ಮಾಸ್ತರು ಹಿಂದಿಗೆ ತಿರುಗಿಸಲಿಲ್ಲ. ನಕ್ಕು ಕೈ ಸನ್ನೆ ಮಾಡಿ ಕೂರಿಸಿದರು.

ಪಾಲಪ್ಪನೂ ಕೇಳಿದ. ಹೊಳೆ ಬಂದರೆ ಯಾವ ಸೈರನ್? ಕ್ಯಾಪ್ಟನ್ ಸ್ವಲ್ಪ ಯೋಚಿಸಿ, ಮೂರು ಸಲ ಸಣ್ಣಗೆ ಕೂಗಿಸು, ಜನ ಕಡ್ಡಿರಾಂಪುರದ ರೋಡಿಗೆ ಹೋಗಲಿ ಎಂದ. ಹೇಗಿದ್ದರೂ ಹೊಳೆ ಬರುವಷ್ಟರಲ್ಲಿ ನಾವು ಇಲ್ಲಿರುವುದಿಲ್ಲ ಎಂದೂ ಸೇರಿಸಿದ. ಸಣ್ಣಗೆ ಕೂಗುವ ಯಂತ್ರವಲ್ಲ ಅದು, ಒಳಗಿನ ಚಕ್ರ ಒಮ್ಮೆ ತಿರುಗಿದರೆ ನಿಲ್ಲಲು ತಡ, ಎಂದು ಪಾಲಪ್ಪ ಅರ್ಧ ಹೇಳಿದ. "ಪ್ರಾಕ್ಟೀಸ್ ಮಾಡು" ಎಂದು ಕ್ಯಾಪ್ಟನ್ ಬೆನ್ನು ತಟ್ಟಿದ. ಅಷ್ಟು ದೊಡ್ಡ ಸಾಹೇಬ ಬೆನ್ನು ತಟ್ಟಿದ ಮೇಲೆ ಲಸ್ಕರ್ ಏನು ಮಾತಾಡುತ್ತಾನೆ? ಕೂತುಕೊಂಡ. ಅಲ್ಲಿ ಎದ್ದು ನಿಂತು ಆಗುವುದಿಲ್ಲ ಎನ್ನಬೇಕಿತ್ತು, ಎನ್ನಲಿಲ್ಲ. ಮರುದಿನ ಗುಡ್ಡದಿಂದ ಚೌಕಿಗೆ ಇನ್ನೊಂದು ಫೋನಿನ ತಂತಿ ಎಳೆದರು.

ಅದೇ ವಾರ ಮಗಳು ಎಲ್ಲಮ್ಮ ತವರಿನಲ್ಲಿ ಹೆತ್ತಳು. ಹೆಣ್ಣುಕೂಸು, ಅಂಗೈ ಅಗಲದ್ದು. ಏಳು ವರ್ಷ ಕಾದು, ಮೂರು ಸಲ ಕಳೆದುಕೊಂಡು ಪಡೆದ ಕೂಸು. ಪಾಲಪ್ಪ ಅದನ್ನು ಎತ್ತಿಕೊಂಡ ಗಳಿಗೆಯಿಂದ ಅವನ ಅಂಜಿಕೆಗೆ ಒಂದು ಮುಖ ಬಂತು. ಅದುವರೆಗೆ ಡ್ಯಾಮು, ದೇಶ ಎಂದೆಲ್ಲ ಹರಡಿಕೊಂಡಿದ್ದ ಅಂಜಿಕೆ ಈಗ ಆ ಕೌದಿಯ ಗಂಟಿನೊಳಗೆ ಬಂದು ಕೂತಿತು.

ಮಾಸ್ತರು ಬೇರೆ ಒಂದು ಸಂಜೆ ಅಣುಬಾಂಬಿನ ವಿಷಯ ಪೂರ್ತಿ ಹೇಳಿಬಿಟ್ಟರು. ಮೊದಲು ಬೆಳಕಂತೆ, ನೋಡಿದವರ ಕಣ್ಣು ಹೋಗುತ್ತದಂತೆ. ಆಮೇಲೆ ಬಿಸಿ. ಬದುಕಿದ ಆಕಳ ಹಾಲಿನಲ್ಲೂ ವಿಷ, ಬಾಣಂತಿಯ ಹಾಲಿನಲ್ಲೂ ವಿಷ. "ಎರಡು ಕೋಣ ಗುದ್ದಾಡಿದ್ರ ನಡುವಿನ ಗಿಡ ಹಾಳು" ಎಂದು ನಿಟ್ಟುಸಿರಿಟ್ಟರು. ಹೆದರುವವರ ಮೇಲೆ ಹಾವು ಎಸೆಯಬಾರದು ಎಂಬುದು ಓದಿದವರಿಗೆ ಯಾಕೆ ತಿಳಿಯುವುದಿಲ್ಲವೋ. ಪಾಲಪ್ಪ ಮನೆಗೆ ಬಂದವನೇ ಬಾಳೆತೋಟದ ಬದುವಿನಲ್ಲಿ ತಗ್ಗು ತೋಡತೊಡಗಿದ. ಮೂರು ದಿನ ತೋಡಿದ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು.

ಹುಲುಗಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಹಸಿ ಬಾಣಂತಿನ ಈ ಥಂಡಿ ತಗ್ಗಿನಾಗ ಇಳಸ್ತೀರೇನು? ನಿಮಗೇನಾಗೇತಿ?"

"ಲೇ, ನಿಂಗ ಗೊತ್ತಿಲ್ಲ, ಸುಮ್ನಿರು. ಸೈರನ್ ಆತಂದ್ರ ಕೂಸಿನ್ನ ಎತ್ಕಂಡು ಇಲ್ಲಿ ಇಳೀಬೇಕು. ನಾ ಚೌಕಿನಾಗ ಇರ್ತೀನಿ, ಬರಾಕ ಆಗಂಗಿಲ್ಲ. ಒಂದೇ ಸಮ ಸೈರನ್ ಆಗೋತನ ಏನಾದ್ರೂ ಆಗ್ಲಿ, ಹೊರಗ ಬರಬ್ಯಾಡ. ಆಣಿ ಮಾಡು."

"ಏನಾದ್ರೂ ಆಗ್ಲಿ ಅಂದ್ರ?"

"ಏನಾದ್ರೂ ಅಂದ್ರ ಏನಾದ್ರೂ! ಕೂಸಿನ ಮ್ಯಾಲೆ ಕೈಯಿಟ್ಟು ಆಣಿ ಮಾಡು!" ಅವನ ದನಿ ಒಡೆಯಿತು. ತುಟಿ ಅದುರುತ್ತಿತ್ತು. ಹುಲುಗಮ್ಮ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಕೂಸಿನ ತಲೆ ಮುಟ್ಟಿದಳು. ಅಂದೇ ತಗ್ಗಿಗೆ ಗೋಣಿಚೀಲ ಹಾಸಿ, ಮೇಲೆ ಹಳೆ ಕೌದಿ ಹಾಸಿದಳು.

ಎರಡು ಸಲ ತಾಲೀಮು ನಡೆಯಿತು. ಗುಡ್ಡದಿಂದ ಫೋನು ಬಂದರೆ ಪಾಲಪ್ಪ ತಿರುವುವುದು, ಕೇರಿ ತಗ್ಗಿಗೆ ಇಳಿಯುವುದು. ಮೊದಲ ಸಲ ಅರ್ಧ ಕೇರಿ ಹಳೆಯ ರೂಢಿಯಂತೆ ಗುಡ್ಡದ ಗೇಟಿಗೆ ಹೋಗಿ ಬೈಸಿಕೊಂಡಿತು. ಎರಡನೆಯ ಸಲ ಒಬ್ಬರೂ ತಪ್ಪಲಿಲ್ಲ. ಕ್ಯಾಪ್ಟನ್ ಎಲ್ಲರಿಗೂ ಪೇಡೆ ಹಂಚಿಸಿದ.

ಯುದ್ಧ ಮುಗಿಯಿತೆಂದು ರೇಡಿಯೋ ಹೇಳಿತು. ಗುಡ್ಡದವರು ಕದಲಲಿಲ್ಲ. ಆಗಸ್ಟಿನಲ್ಲಿ ಕಛ್ ಕಡೆ ಗಡಿಯಾಚೆಯವರ ಒಂದು ವಿಮಾನವನ್ನು ನಮ್ಮವರು ಕೆಡವಿದ ಸುದ್ದಿ ಬಂತು. ಅವರು ಸುಮ್ಮನಿರುತ್ತಾರೆಯೇ ಎಂದು ಮಾಸ್ತರು ಬೆರಳು ಎಣಿಸತೊಡಗಿದರು. ಪಾಲಪ್ಪನಿಗೆ ಅನ್ನ ಇಳಿಯದಾಯಿತು. ತಲೆಯ ಮೇಲೆ ಹದ್ದು ಹಾರಿದರೂ ಕತ್ತೆತ್ತಿ ನೋಡುತ್ತಿದ್ದ. ಇಷ್ಟರಲ್ಲಿ ಡ್ಯಾಮು ತುಂಬುತ್ತಾ ಬಂದದ್ದನ್ನು ಮಾತ್ರ ಅವನು ಮೊದಲಿನಂತೆ ಗಮನಿಸಲಿಲ್ಲ. ಮೂವತ್ತು ವರ್ಷ ಹೊಳೆಯನ್ನು ನೋಡಿದ ಕಣ್ಣು ಆ ತಿಂಗಳು ಆಕಾಶ ನೋಡುತ್ತಿತ್ತು.

ಆ ಗುರುವಾರ ಕೇರಿಯಲ್ಲಿ ಬಿಸಿಲು. ಮಳೆಯೆಲ್ಲ ಮೇಲೆ ಶಿವಮೊಗ್ಗದ ಕಡೆ. ಹಿಂದಿನ ದಿನದ ಗಾಳಿಗೆ ಇಲಾಖೆಯ ಫೋನಿನ ತಂತಿ ಹರಿದಿತ್ತು. ಸರಿಹೋಗಿ ಡ್ಯಾಮಿನಿಂದ ಮೊದಲ ಫೋನು ಬಂದಾಗ ಮಧ್ಯಾಹ್ನ ಮೂರೂಕಾಲು.

"ಪಾಲಪ್ಪ, ಎಷ್ಟೊತ್ತಿಂದ ಹಚ್ಚಾಕ ಹತ್ತೀನಿ! ಒಂದೂವರಿಗೇ ಗೇಟ್ ಎತ್ತೀವಿ. ಒಂದು ಲಕ್ಷ ಕ್ಯೂಸೆಕ್ಸ್. ಜನನ ಎಬ್ಬಸು, ಜಲ್ದಿ!"

ಒಂದೂಮುಕ್ಕಾಲು ತಾಸು ಹೋಗಿಯೇಬಿಟ್ಟಿದೆ. ಉಳಿದದ್ದು ಕಾಲು ತಾಸು. ಪಾಲಪ್ಪ ಹಿಡಿಕೆಗೆ ಬಿದ್ದ. ಮೂರು ಸಣ್ಣ ಕೂಗು, ಮೂರು ಸಣ್ಣ ಕೂಗು ಎಂದುಕೊಳ್ಳುತ್ತಲೇ ತಿರುವಿದ. ಸದ್ದು ಎದ್ದಿತು. ನಿಲ್ಲಿಸಲು ಹಿಡಿಕೆ ಒತ್ತಿ ಹಿಡಿದ, ಚಕ್ರ ನಿಲ್ಲಲಿಲ್ಲ. ಅಂಗೈ ಒತ್ತಿದ, ಚರ್ಮ ಸುಟ್ಟಿತು. ಸದ್ದು ಇಳಿದು ಸಾಯುವಷ್ಟರಲ್ಲಿ ಹೊತ್ತು ಹೋಗುತ್ತದೆ, ನೀರು ಬರುತ್ತದೆ. ಆಮೇಲೆ ಅವನ ತಲೆ ಯೋಚಿಸಲಿಲ್ಲ, ತೋಳು ಯೋಚಿಸಿತು. ಮೂವತ್ತು ವರ್ಷದಿಂದ ಬಲ್ಲ ಕೆಲಸವನ್ನು ಅದು ಮಾಡಿತು. ಸೈರನ್ ಏರಿತು, ಇಳಿಯಿತು, ಮತ್ತೆ ಏರಿತು.

ತಿರುವುತ್ತಲೇ ಅವನು ಕಿಟಕಿಯಿಂದ ಕೇರಿಯ ಕಡೆ ನೋಡಿದ. ಯಾವಾಗಲೂ ಹೀಗೇ ನೋಡುತ್ತಿದ್ದ. ಸೈರನ್ ಎದ್ದ ಎರಡೇ ನಿಮಿಷಕ್ಕೆ ಗುಡ್ಡದ ಕಾಲುದಾರಿಯ ತುಂಬ ಜನ, ಕುರಿ, ತಲೆಯ ಮೇಲಿನ ಗಂಟುಗಳು ಕಾಣುತ್ತಿದ್ದವು. ಅದನ್ನು ಕಂಡರೆ ಅವನ ತೋಳಿಗೆ ಇನ್ನಷ್ಟು ಬಲ ಬರುತ್ತಿತ್ತು.

ಇವತ್ತು ದಾರಿಯಲ್ಲಿ ಯಾರೂ ಇರಲಿಲ್ಲ. ಎರಡು ಕೋಳಿ ಓಡಾಡುತ್ತಿದ್ದವು.

ಪಾಲಪ್ಪನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಅವರು ಇಳಿದಿದ್ದಾರೆ. ಎಲ್ಲರೂ ತಗ್ಗಿಗೆ ಇಳಿದಿದ್ದಾರೆ. ಹುಲುಗಮ್ಮ ಕೂಸನ್ನು ಎತ್ತಿಕೊಂಡು ಬಾಳೆತೋಟದ ಬದುವಿನಲ್ಲಿ, ಹೊಳೆಗೆ ನೂರು ಹೆಜ್ಜೆ ಇರುವಲ್ಲಿ, ಅವನೇ ತೋಡಿದ ತಗ್ಗಿನಲ್ಲಿ ಕೂತಿದ್ದಾಳೆ. ಕೂರಿಸಿದವನು ಅವನು. ಇಳಿಯಿರಿ, ಇಳಿಯಿರಿ ಎಂದು ಈಗಲೂ ತಿರುವುತ್ತಿರುವವನು ಅವನೇ.

ಒಂದೇ ಸಮ ಕೂಗಿಸಿ ಅವರನ್ನು ಎಬ್ಬಿಸಬಹುದೆಂದು ಅವನಿಗೆ ಹೊಳೆಯಲೇ ಇಲ್ಲ, ಹಿಡಿಕೆ ಬಿಟ್ಟು ಓಡಿದ. ಹಿಂದೆ ಸೈರನ್ ತನ್ನಷ್ಟಕ್ಕೆ ನರಳುತ್ತಾ ಇಳಿಯಿತು. ಗುಡ್ಡದ ಫೋನು ಬಡಿದುಕೊಳ್ಳತೊಡಗಿತು. ಅವನು ತಿರುಗಿ ನೋಡಲಿಲ್ಲ. ಅದು ಬಡಿದುಕೊಳ್ಳುತ್ತಲೇ ಇತ್ತು.

"ಹೊಳಿ ಬಂತ್ರೋ! ವಿಮಾನ ಅಲ್ಲ, ಹೊಳಿ! ಹೊರಗ ಬರ್ರಿ!" ಹಿತ್ತಲು ಹಿತ್ತಲಿಗೂ ಕೂಗಿದ. ಕೆಲವರು ತಗ್ಗಿನಿಂದ ಕಣ್ಣಷ್ಟೇ ಎತ್ತಿ ನೋಡಿದರು. "ಇನ್ನೂ ಒಂದೇ ಸಮ ಸೈರನ್ ಆಗಿಲ್ಲಲ್ಲೋ" ಎಂದಿತು ಒಂದು ದನಿ. ಪಾಲಪ್ಪ ಆ ದನಿಯ ರಟ್ಟೆ ಹಿಡಿದು ಎಳೆದು ಮೇಲೆ ಹಾಕಿ ಮತ್ತೆ ಓಡಿದ. ಹೊಳೆಯ ಸದ್ದು ಬದಲಾಗಿತ್ತು. ಕೆಂಪು ನೀರು ಬಾಳೆಯ ಸಾಲುಗಳ ನಡುವೆ ಸದ್ದಿಲ್ಲದೆ ಬರುತ್ತಿತ್ತು.

ತಗ್ಗಿನಲ್ಲಿ ಮೊಣಕಾಲ ತನಕ ನೀರು. ಎಲ್ಲಮ್ಮ ಗೋಡೆಗೆ ಒರಗಿ ನಡುಗುತ್ತಿದ್ದಳು. ಹುಲುಗಮ್ಮ ಕೂಸನ್ನು ಎದೆಗವಚಿ, ಅದರ ಮೇಲೆ ಮೊರ ಮುಚ್ಚಿ, ಕಣ್ಣು ಬಿಗಿ ಮುಚ್ಚಿ ನಿಂತಿದ್ದಳು. ಗಂಡನ ದನಿ ಕೇಳಿ ಕಣ್ಣು ತೆರೆದಳು. ಬಯಲಲ್ಲಿ, ಆಕಾಶದ ಕೆಳಗೆ, ತಲೆಯೆತ್ತಿ ನಿಂತ ಗಂಡ ಕಂಡ. ಅವಳು ಚೀರಿದಳು. "ತಲಿ ತಗ್ಗಸ್ರೀ! ಒಳಗ ಬರ್ರಿ!" ಎಂದು ಅವನ ಧೋತರದ ತುದಿ ಹಿಡಿದು ಜಗ್ಗಿಯೇಬಿಟ್ಟಳು. ಪಾಲಪ್ಪ ದೊಪ್ಪನೆ ನೀರಿಗೆ ಬಿದ್ದ.

"ಹೊಳಿ ಬಂತಲೇ! ಏಳು!"

"ಹೊಳಿ ಬಂದ್ರ ಬರ್ಲಿ! ನೀವು ತಲಿ ಎತ್ತಬ್ಯಾಡ್ರಿ!"

"ವಿಮಾನಿಲ್ಲ, ಏನಿಲ್ಲ! ನಾನೇ ತಪ್ಪು ತಿರುವೀನಿ!" ಅವನು ಅಳುತ್ತಿದ್ದ. ಅವಳಿಗೆ ನಂಬಿಕೆ ಬರಲಿಲ್ಲ. ಕೂಸನ್ನು ಕಸಿದುಕೊಳ್ಳಬೇಕಾಯಿತು. ಮಗಳನ್ನು ಕಂಕುಳಲ್ಲಿ ಎತ್ತಿ ದಂಡೆಗೆ ದಬ್ಬಿ, ಹೆಂಡತಿಯನ್ನು ಎಳೆದುಕೊಂಡ. ಅವರು ಮೇಲೆ ಬಂದಾಗ ತಗ್ಗಿಗೂ ತೋಟಕ್ಕೂ ನಡುವೆ ಗೆರೆಯೇ ಉಳಿದಿರಲಿಲ್ಲ. ಕೌದಿ ತೇಲಿಕೊಂಡು ಹೋಯಿತು.

ಹಳ್ಳ ತುಂಬಿತ್ತು. ರೋಡಿಗೆ ದಾರಿಯಿಲ್ಲ. ಕೇರಿಯೆಲ್ಲ ಈಗ ಗುಡ್ಡದ ಕಡೆ ಓಡಿತು, ನೀರು ಹಿಮ್ಮಡಿ ಹಿಡಿದು ಬಂತು. ತಂತಿಬೇಲಿಯ ಮುಂದೆ ಎಲ್ಲರೂ ಒಮ್ಮೆಗೇ ನಿಂತುಬಿಟ್ಟರು.

ಗುಡ್ಡದ ಮೇಲೆ ತಾಡಪಾಲುಗಳು ಬಿದ್ದಿದ್ದವು. ಉದ್ದನೆಯ ಬಿಳಿ ಮಿಸೈಲುಗಳು ಲಾರಿಯ ಮೇಲಿಂದ ಎದ್ದು ಆಕಾಶಕ್ಕೆ ಮೂತಿ ಮಾಡಿದ್ದವು. ಸೈನಿಕರು ಬಂಡೆಯಿಂದ ಬಂಡೆಗೆ ಓಡುತ್ತಿದ್ದರು. ತಾಲೀಮಿನಲ್ಲಿ ಒಮ್ಮೆಯೂ ಅವು ಎದ್ದಿರಲಿಲ್ಲ. "ಖರೇನ ಯುದ್ಧ ಬಂತು" ಎಂದು ಯಾರೋ ಅಂದರು. ಇಬ್ಬರು ಹೆಂಗಸರು ಹಿಂತಿರುಗಿ ನೀರಿಗೇ ಓಡಿದರು. ಮುಂದಿದ್ದವರು ನೀರಿಗೆ ಸರಿದರು, ಹಿಂದಿದ್ದವರು ಬೇಲಿಗೆ ನುಗ್ಗಿದರು.

ಆ ಗುಂಪಿನಲ್ಲಿ ಪಾಲಪ್ಪನಿಗೆ ಒಬ್ಬನಿಗೇ ಗೊತ್ತಿತ್ತು. ಚೌಕಿಯ ಸೈರನ್ ಕೇಳಿ ಗುಡ್ಡದವರು ಫೋನು ಹಚ್ಚಿದ್ದಾರೆ. ಎತ್ತಬೇಕಾದವನು ಇಲ್ಲಿ ಕೂಸು ಹಿಡಿದು ನಿಂತಿದ್ದ.

ಗೇಟಿನ ಕಾವಲಿನವನು ಬಂದೂಕು ಎತ್ತಿದ. "ರುಕೋ! ಪೀಛೆ ಹಟೋ!" ಎಂದು ಹಿಂದಕ್ಕೆ ಅಟ್ಟಿದ. ಗುಂಡು ಏರಿಸಿದ ಸದ್ದು ಕೇಳಿಸಿತು. ಮೀಸೆ ಆಗಷ್ಟೇ ಮೂಡಿದ ಮುಖ, ಬೆವರು ಧಾರೆಯಾಗಿ ಇಳಿಯುತ್ತಿತ್ತು. ಸೈರನ್ ಆದ ಮೇಲೆ ಗುಡ್ಡಕ್ಕೆ ನುಗ್ಗುವವರು ಯಾರೆಂದು ಅವನಿಗೆ ಯಾರು ಹೇಳಿದ್ದರು? ಅವನೂ ಇವರಷ್ಟೇ ಅಂಜಿದ್ದ.

"ಪಾನೀ! ಸೈರನ್ ಹಮಾರಾ, ಸಾಬ್! ಮೈ ಘುಮಾಯಾ! ಪಾನೀ ಆಯಾ!" ನೀರು ಬಂತು, ಸೈರನ್ ತಿರುವಿದ್ದು ನಾನೇ ಎಂದು ಹೇಳಲು ಪಾಲಪ್ಪ ಡ್ಯಾಮಿನ ಕೂಲಿಗಳಿಂದ ಕಲಿತ ಹಿಂದಿಯನ್ನೆಲ್ಲ ಕೂಗಿದ. ಆ ಗದ್ದಲದಲ್ಲಿ ಅದು ಅರ್ಧವೂ ಮುಟ್ಟಲಿಲ್ಲ. ಬಂದೂಕಿನ ತುದಿ ಅವನ ಎದೆಗೆ ಬಂತು, ಅಂದರೆ ಕೂಸಿಗೆ ಬಂತು.

ಹುಲುಗಮ್ಮ ಗಂಡನ ಕೈಯಿಂದ ಕೂಸನ್ನು ಕಿತ್ತುಕೊಂಡಳು. ಬೇಲಿಯ ಮೇಲಿಂದ ಎರಡೂ ಕೈ ಚಾಚಿ, ಬಂದೂಕಿನ ಪಕ್ಕದಲ್ಲೇ ಹಿಡಿದು ನಿಂತಳು. ಮುಳ್ಳು ಮೊಣಕೈ ಸೀಳಿ ರಕ್ತ ತಂತಿಗುಂಟ ಇಳಿಯಿತು. "ನಮ್ಮನ್ನ ಹೊಡಿ, ಬಿಡು, ನಿನ್ನಿಷ್ಟ. ಇದನ್ನರ ಹಿಡ್ಕೋ, ಯಪ್ಪಾ."

ಅವನಿಗೆ ಮಾತು ತಿಳಿದಿರಲಾರದು. ಆದರೆ ಒದ್ದೆ ಕೂಸು ಜಾರುತ್ತಿದ್ದದ್ದು ಕಂಡಿತು. ಬಂದೂಕು ಬಿಟ್ಟು ಹಿಡಿದುಕೊಂಡ. ಹಿಡಿದ ಮೇಲೆ ಮೊದಲ ಸಲ ಕತ್ತೆತ್ತಿ ಜನರ ಹಿಂದೆ ನೋಡಿದ. ಅಲ್ಲಿ ಕೇರಿ ಇರಲಿಲ್ಲ, ಚಾವಣಿಗಳಷ್ಟೇ ಇದ್ದವು. ಗುಡ್ಡದ ಕಡೆ ತಿರುಗಿ ಏನೋ ಅರಚಿ, ಕೂಸನ್ನು ಒಂದು ತೋಳಿನಲ್ಲಿ ಒತ್ತಿಕೊಂಡೇ ಗೇಟಿನ ಅಗಳಿ ತೆಗೆದ.

ಸೈನಿಕರು ಹಗ್ಗ ಹಿಡಿದು ಇಳಿದು, ನೀರಿಗೆ ಓಡಿದ್ದ ಹೆಂಗಸರನ್ನೂ ಚಾವಣಿ ಹತ್ತಿದ್ದವರನ್ನೂ ತಂದರು. ಜೀವ ಒಂದೂ ಹೋಗಲಿಲ್ಲ. ದನಕರು ಹೋದವು. ಪಾಲಪ್ಪ ಕ್ಯಾಪ್ಟನ್ನಿನ ಕಾಲ ಬಳಿ ಕುಸಿದು, ಕೈಯಿಂದ ತಿರುವುವ ಸನ್ನೆ ಮಾಡಿ, ತನ್ನ ಎದೆ ಮುಟ್ಟಿ ತೋರಿಸಿದ. ಕ್ಯಾಪ್ಟನ್ ಅವನನ್ನು ನೋಡಿದ, ಹೊಳೆಯನ್ನು ನೋಡಿದ, ಡೇರೆಯೊಳಗೆ ಓಡಿದ. ಫೋನಿನಲ್ಲಿ ಅವನು ಕಿರುಚುವುದು ಹೊರಗೆ ಕೇಳಿಸಿತು. ಬಹಳ ಹೊತ್ತಿನ ಮೇಲೆ ಮಿಸೈಲುಗಳು ಇಂಚಿಂಚಾಗಿ ಕೆಳಗಿಳಿದವು.

ಹಿಂದಿನ ವಾರವಷ್ಟೇ ಗುಡ್ಡಕ್ಕೆ ಬಂದಿದ್ದ ಬೆಳಗಾವಿ ಕಡೆಯ ಹವಾಲ್ದಾರನೊಬ್ಬ ಚಹದ ಲೋಟ ತಂದು ಪಾಲಪ್ಪನ ಪಕ್ಕ ಕೂತ. ಅವನ ಮುಖವೂ ಬಿಳಿಚಿಕೊಂಡಿತ್ತು.

"ನಾವು ಹೇಳಿಲ್ಲ, ಸೈರನ್ ಆತು. ನಿಮ್ಮ ಚೌಕಿಗೆ ಫೋನ್ ಹಚ್ಚಿದ್ವಿ, ಎತ್ತವ್ರಿಲ್ಲ. ಬಾಂಬ್ ಬಿದ್ದು ಚೌಕಿನ ಹೋತು ಅಂತ ತಿಳಕೊಂಡ್ವಿ. ಮ್ಯಾಲಿನವ್ರಿಗೆ ಹೇಳಿದ್ವಿ. ಅವ್ರು ಅವ್ರ ಮ್ಯಾಲಿನವ್ರಿಗೆ ಹೇಳಿದ್ರು. ಮುಕ್ಕಾಲು ತಾಸು ಮಿಸೈಲ್ ಎತ್ತಿಕೊಂಡು ಕುಂತಿದ್ವಿ, ಅಜ್ಜಾರ. ಇನ್ನೊಂದೀಟು ತಡ ಆಗಿದ್ರ ಎಲ್ಲಿಗಂಟ ಹೋಗತಿತ್ತೋ, ಯಾರಿಗೆ ಗೊತ್ತು."

ಪಾಲಪ್ಪ ಚಹ ಕುಡಿಯಲಿಲ್ಲ. "ಆ ಕಡೆನೂ ಹಿಂಗ ಯಾವನರ ಕುಂತಿರ್ತಾನಲ್ರಿ?" ಎಂದ. "ಗುಡ್ಡದ ಮ್ಯಾಲೆ ಮಿಸೈಲ್, ಕೆಳಗ ಹೊಳಿ, ನಡುವ ಸೈರನ್ ತಿರುವಾಂವ?"

"ಇರ್ತಾನ್ರಿ."

"ಅವ್ನ ಕೈ ತಪ್ಪಿದ್ರ?"

ಹವಾಲ್ದಾರ ಕುಡಿಯದ ಲೋಟ ಎತ್ತಿಕೊಂಡ. ಆಮೇಲೆ ಎದ್ದು ಹೋದ.

ಇಳಿಹೊತ್ತಿನ ಬಿಸಿಲು ಬಂಡೆಗಳ ಮೇಲಿತ್ತು. ಹುಲುಗಮ್ಮ ಲಾರಿಯ ನೆರಳಿನಲ್ಲಿ, ಆ ಮಿಸೈಲುಗಳ ಕೆಳಗೇ ಕೂತು, ಮಗಳ ಒದ್ದೆ ತಲೆ ಒರೆಸುತ್ತಿದ್ದಳು. ಕೂಸು ಅವಳ ತೊಡೆಯ ಮೇಲೆ ಯಾವನೋ ಸೈನಿಕನ ಕಂಬಳಿಯಲ್ಲಿತ್ತು. ಪಾಲಪ್ಪ ಹೋಗಿ ಎದುರಿಗೆ ಕುಕ್ಕರಗಾಲಿನಲ್ಲಿ ಕೂತ.

"ಲೇ, ಮೊಣಕಾಲ ಮಟ ನೀರು ಬಂದಿತ್ತಲ್ಲ. ಹೊಳಿ ಅಂತ ನಿಂಗ ಗೊತ್ತಾಗಲಿಲ್ಲೇನು? ಹೊಳಿ ದಂಡಿ ಮ್ಯಾಲೆ ಹುಟ್ಟಿದಾಕಿ ನೀನು."

"ಗೊತ್ತಾತು" ಎಂದಳು ಹುಲುಗಮ್ಮ.

"ಮತ್ತ ಯಾಕ ಏಳಲಿಲ್ಲ?"

ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. "ನೀರಿಗೆ ನೀವು ಅಂಜಿದ್ದು ನಾ ಒಂದು ದಿನ ನೋಡಿಲ್ಲ. ಎಂಥೆಂಥಾ ಹೊಳಿ ಬಂದ್ರೂ ನಿಂತು ಸೈರನ್ ತಿರುವಿದವ್ರು. ಅಂಥವ್ರು ಮೊನ್ನೆ ತಗ್ಗಿನ ಮುಂದ ನಿಂತು ಗಡಗಡ ನಡುಗಿದ್ರಿ. ಇವ್ರು ಇಷ್ಟು ಅಂಜ್ಯಾರಂದ್ರ ನೀರಿಗಿಂತ ದೊಡ್ಡದು ಬರ್ತೈತಿ ಅಂದ್ಕಂಡೆ. ಅದಕ ನೀರಾಗ ನಿಂತೆ."

ಪಾಲಪ್ಪ ಕೂಸನ್ನು ಕೊಡು ಎಂದು ಕೈ ಚಾಚಿದ. ಅಂಗೈ ಸುಟ್ಟು ಕೆಂಪಾಗಿತ್ತು, ಎರಡೂ ಕೈ ಇನ್ನೂ ನಡುಗುತ್ತಿದ್ದವು. ಹುಲುಗಮ್ಮ ಆ ಕೈಗಳನ್ನು ನೋಡಿದಳು. ಕೂಸನ್ನು ಕೊಡಲಿಲ್ಲ.